ಗಂಟೆಯ ಮಾತು, ಹೊತ್ತಿನ ಮಾತು

ಹಲವು ವರ್ಷಗಳ ಹಿಂದಿನ ಮಾತು. ನನ್ನ ತಮ್ಮನ ಮಗನಿಗೆ ಬೆಂಗಳೂರಿನಲ್ಲಿ ಒಂದು ನೌಕರಿಯ ಸಂದರ್ಶನಕ್ಕೆ ಕರೆ ಬಂದಿತ್ತು. ತಿಂಗಳ ೧೬ನೆಯ ತಾರೀಖು ಮಧ್ಯಾಹ್ನ ಮೂರು ಗಂಟೆಗೆ ಹಾಜರಿರಬೇಕೆಂದು ಪತ್ರದಲ್ಲಿ ಬರೆದಿತ್ತು. ಮನೆಯಲ್ಲಿ ನಾಲ್ಕಕ್ಷರ ಬಲ್ಲ ಹಿರಿಯನೆಂಬ ಗೌರವದಿಂದ ರೈಲಿನ ಟಿಕೀಟು ತರಿಸುವ ಮತ್ತು ಪಯಣದ ದಿನವನ್ನು ಗೊತ್ತುಮಾಡುವ ಕೆಲಸವನ್ನು ಎಲ್ಲರೂ ನನಗೇ ಒಪ್ಪಿಸಿದ್ದರು. ಟಿಕೀಟಿನ ಮೇಲೆ ೧೫ನೆಯ ತಾರೀಖು ಎಂದೂ, ಹೊರಡುವ ವೇಳೆ ೦೦.೩೦ ಎಂದೂ ಅಚ್ಚಾಗಿತ್ತು. ಅದನ್ನು ನೋಡಿ ನಾನು, "ಹದಿನೈದರ ರಾತ್ರಿ ಹನ್ನೆರಡೂವರೆಗೆ ಗಾಡಿ; ಹನ್ನೊಂದಕ್ಕೆ ನಿಲ್ದಾಣದಲ್ಲಿದ್ದರೆ ಸಾಕು" ಎಂದು ತೀರ್ಪುಕೊಟ್ಟೆ. ಯಾರಿಗೂ ಸಂದೇಹ ಬರಲಿಲ್ಲ.

ಹದಿನೈದರ ರಾತ್ರಿ ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ಹೋದೆವು. ನೌಕರನೊಬ್ಬನು ಟಿಕೀಟನ್ನು ದೀಪದ ಕೆಳಗೆ ಹಿಡಿದು ನೋಡಿ, "ಮಾಸ್ತರರ, ಈ ಗಾಡಿ ನಿನ್ನೆ ರಾತ್ರಿನ ಹೋತಲ್ರಿ!" ಎಂದನು. "ಇದರ ಮೇಲೆ ಹದಿನೈದು ಅಂತ ಐತಲ್ಲಪಾ, ಇವತ್ತ ಹದಿನೈದಲ್ಲೇನು?" ಎಂದು ನಾನು ವಾದಿಸಿದೆ. ಆತ ನಗಲಿಲ್ಲ. "ಹೌದ್ರಿ, ಹದಿನೈದ. ಆದರ ಹದಿನೈದು ಹುಟ್ಟಿ ಅರ್ಧ ತಾಸಿಗೇ ಗಾಡಿ ಹೋಗಿಬಿಟ್ಟತಿ" ಎಂದನು. ಆ ಗಾಡಿ ವಾರದಲ್ಲಿ ಕೆಲವೇ ದಿನ ಓಡುವಂಥದು. ರಾತ್ರಿಯ ಬಸ್ಸುಗಳೆಲ್ಲ ಆಗಲೇ ಹೊರಟುಹೋಗಿದ್ದವು. ಹುಡುಗನು ನಸುಕಿನ ಮೊದಲ ಬಸ್ಸು ಹಿಡಿದನು. ಅವನು ಆ ಕಚೇರಿಯ ಮೆಟ್ಟಿಲು ಹತ್ತುವ ವೇಳೆಗೆ ಸಂಜೆಯಾಗಿ, ಬಾಗಿಲಿಗೆ ಬೀಗ ಬಿದ್ದಿತ್ತು.

ಊರಿಗೆ ಮರಳಿದ ಮೇಲೆ ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. "ಇರಲಿ ಬಿಡ್ರಿ ದೊಡ್ಡಪ್ಪ" ಎಂದಷ್ಟೇ ಹೇಳಿದನು. ಆ ನೌಕರಿ ಅವನಿಗೆ ಸಿಕ್ಕುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಆದರೆ ಸಿಕ್ಕುತ್ತದೆಯೇ ಎಂದು ತಿಳಿಯುವ ಅವಕಾಶವನ್ನು ಅವನಿಂದ ಕಸಿದುಕೊಂಡವನು ನಾನು. ಎಂ.ಎ. ಪದವೀಧರ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹುನಗುಂದ, ಬಾದಾಮಿ ಸೀಮೆಯ ಮಕ್ಕಳಿಗೆ ಪಾಠ ಹೇಳಿದವನು! ಟಿಕೀಟಿನ ಮೇಲಿನ ಒಂದು ಅಕ್ಷರವೂ ನನಗೆ ಅಪರಿಚಿತವಾಗಿರಲಿಲ್ಲ. ಹಾಗಿದ್ದರೆ ನಾನು ತಪ್ಪಿದ್ದೆಲ್ಲಿ?

ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಉತ್ತರ ಇಷ್ಟೆ: ಗಡಿಯಾರದ ದಿನ ನಡುರಾತ್ರಿಗೆ ಹುಟ್ಟುತ್ತದೆ, ನನ್ನ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಹೊತ್ತು ಮೂಡಿದ ಮೇಲೆ. ಸೋಮವಾರದ ಹಗಲಿನ ಬೆನ್ನಿಗೆ ಬರುವ ರಾತ್ರಿ, ಕೋಳಿ ಕೂಗುವ ತನಕವೂ ಸೋಮವಾರದ ರಾತ್ರಿಯೇ. ನಮ್ಮ ನೆರೆಯ ಮುಸಲ್ಮಾನ ಬಾಂಧವರ ಲೆಕ್ಕ ಬೇರೆ. ಅವರಿಗೆ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ಶುಕ್ರವಾರವನ್ನು ಜುಮ್ಮಾ ಎನ್ನುವ ಉರ್ದು ಭಾಷೆ ಗುರುವಾರವನ್ನು ಜುಮೇರಾತ್ ಎಂದು ಕರೆಯುತ್ತದೆ. ಶುಕ್ರವಾರದ ರಾತ್ರಿ ಗುರುವಾರ ಸಂಜೆಯೇ ಬಂದಿರುತ್ತದೆಂಬ ಎಣಿಕೆ ಆ ಹೆಸರಿನಲ್ಲಿ ಅಡಗಿದೆ. ಒಂದೇ ಓಣಿಯಲ್ಲಿ ಮೂರು ಬಗೆಯ ದಿನಗಳು! 'ಡೇ' ಎಂದರೆ ದಿನ ಎಂದು ನಾನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೆ. ಆ 'ಡೇ' ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ನನ್ನ ಶಿಷ್ಯರಿಗೆ ಹೇಳಿಕೊಡಲಿಲ್ಲ.

ಕನ್ನಡ ಮಾಸ್ತರನಿಗೆ ಇಂಗ್ಲಿಷಿನ ಉಸಾಬರಿ ಏಕೆಂದು ನೀವು ಕೇಳಬಹುದು. ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಅಧ್ಯಾಪಕರ ಸ್ಥಾನ ತೆರವಾದಾಗಲೆಲ್ಲ ಆ ಪಾಠ ಕನ್ನಡದವನ ಕೊರಳಿಗೆ ಬೀಳುವುದು ರೂಢಿ. ಹಾಗೆ ಬಿದ್ದ ಪಾಠಗಳಿಂದ ನಾನು ಕಲಿತದ್ದು ಬಹಳ. ಎಲ್ಲಕ್ಕಿಂತ ಹೆಚ್ಚಾಗಿ ಕಲಿತದ್ದು ಇದು: ಮೇಜು, ಕುರ್ಚಿ, ಆಕಳು, ಮರ ಇವುಗಳ ಇಂಗ್ಲಿಷ್ ಹೆಸರುಗಳನ್ನು ಮಕ್ಕಳು ಒಂದು ದಿನದಲ್ಲಿ ಕಲಿಯುತ್ತಾರೆ, ಕಾಲವನ್ನು ಹೇಳುವ ಮಾತುಗಳಲ್ಲಿ ಮಾತ್ರ ವರ್ಷಗಟ್ಟಲೆ ಎಡವುತ್ತಾರೆ. ಕಾರಣ ಸ್ಪಷ್ಟವಾಗಿದೆ. ಆಕಳು ಎಲ್ಲ ದೇಶಗಳಲ್ಲಿಯೂ ಆಕಳೇ. ಕಾಲ ಹಾಗಲ್ಲ. ಅದಕ್ಕೆ ಆಕಾರವಿಲ್ಲ, ಬಣ್ಣವಿಲ್ಲ. ಒಂದೊಂದು ಜನಾಂಗ ತನ್ನ ಬದುಕಿಗೆ ಹೊಂದುವಂತೆ ಅದನ್ನು ಕತ್ತರಿಸಿ, ತುಂಡು ತುಂಡಿಗೆ ಹೆಸರಿಟ್ಟಿದೆ.

ನಮ್ಮ ಸೀಮೆಯವರು ಅದನ್ನು ಹೇಗೆ ಕತ್ತರಿಸಿದ್ದಾರೆ ನೋಡಿರಿ. ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ನಸುಕು, ಮುಂಜಾನೆ, ಎಳೆಬಿಸಿಲು, ಬುತ್ತಿಯ ಹೊತ್ತು, ನಡುಮಧ್ಯಾಹ್ನ, ಇಳಿಹೊತ್ತು, ದನ ಮರಳುವ ಹೊತ್ತು, ದೀಪ ಹಚ್ಚುವ ಹೊತ್ತು, ಸರಿರಾತ್ರಿ. ಇವುಗಳಲ್ಲಿ ಒಂದಕ್ಕೂ ಗಡಿಯಾರದ ಹಂಗಿಲ್ಲ. ಆಕಾಶ, ಪ್ರಾಣಿ, ಹೊಲ, ಒಲೆ ಇವುಗಳನ್ನು ನೋಡಿ ನಮ್ಮ ಹಿರಿಯರು ಹೊತ್ತನ್ನು ಅರಿತರು. ಹುನಗುಂದದ ಕರಿಯ ಎರೆಹೊಲದ ಒಕ್ಕಲಿಗನಿಗೆ ಜೂನ್, ಜುಲೈಗಳಿಗಿಂತ ರೋಹಿಣಿ, ಮಿರಗ, ಆರಿದ್ರ, ಪುಷ್ಯ ಮಳೆಗಳೇ ಹೆಚ್ಚು ಆಪ್ತ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳ ಹಾದಿಯನ್ನು ಒಂದು ವರ್ಷದಲ್ಲಿ ಕ್ರಮಿಸುವುದರಿಂದ ಒಂದೊಂದು ಮಳೆಯ ಪಾಲಿಗೆ ಸುಮಾರು ಹದಿಮೂರೂವರೆ ದಿನ ಬರುತ್ತದೆ. ಹಿಂಗಾರಿ ಜೋಳದ ಬಿತ್ತಿಗೆ ಯಾವ ಮಳೆ ಹದವೆಂಬುದನ್ನು ಆತ ಪುಸ್ತಕ ತೆರೆಯದೆ ಹೇಳಬಲ್ಲ. ಹುಣ್ಣಿಮೆಗಳಿಗೂ ನಮ್ಮಲ್ಲಿ ಒಂದೊಂದು ಹೆಸರು: ಕಾರಹುಣ್ಣಿಮೆ, ನೂಲಹುಣ್ಣಿಮೆ, ಸೀಗೆಹುಣ್ಣಿಮೆ, ಗೌರಿಹುಣ್ಣಿಮೆ, ಹೊಸ್ತಿಲಹುಣ್ಣಿಮೆ, ಬನದಹುಣ್ಣಿಮೆ, ಭಾರತಹುಣ್ಣಿಮೆ. ಬಾದಾಮಿಯ ಬನಶಂಕರಿಯ ಜಾತ್ರೆ ಎಂದು ಎಂದು ಕೇಳಿದರೆ ನಮ್ಮ ಅಜ್ಜಿಯರು ಜನವರಿಯ ಇಂಥ ತಾರೀಖು ಎನ್ನುವುದಿಲ್ಲ. ಬನದಹುಣ್ಣಿಮೆಗೆ ತೇರು ಎನ್ನುತ್ತಾರೆ. ಆ ಉತ್ತರ ಯಾವ ವರ್ಷಕ್ಕೂ ಹಳತಾಗುವುದಿಲ್ಲ.

ಕಾಲವನ್ನು ಕರಾರುವಾಕ್ಕಾಗಿ ಗುರುತಿಸುವ ಅಭ್ಯಾಸವನ್ನು ನಾವು ಪರದೇಶದವರಿಂದ ಕಲಿತೆವೆಂದು ತಿಳಿಯುವ ಕಾರಣವಿಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಸಂಗತಿಯನ್ನು ಶಕವರ್ಷ ೪೬೫, ಎಂದರೆ ಕ್ರಿ.ಶ. ೫೪೩ ಎಂದು ಕಾಲ ನಮೂದಿಸಿ ಕೆತ್ತಿಸಲಾಗಿದೆ. ಅಲ್ಲಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಯಿಸಿದ ಶಾಸನ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕವರ್ಷ ೫೦೦, ಕಾರ್ತಿಕದ ಹುಣ್ಣಿಮೆ ಎಂದು ಮೂರು ಬಗೆಯಲ್ಲಿ ಕಾಲವನ್ನು ಹೇಳುತ್ತದೆ. ಅದು ಕ್ರಿ.ಶ. ೫೭೮. ಹುನಗುಂದದ ಸೀಮೆಯ ಐಹೊಳೆಗೆ ಹೋದರೆ ಮೇಗುತಿಯ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿಯ ಶಾಸನವಿದೆ. ಆತ ತನ್ನ ಕಾಲವನ್ನು ಭಾರತಯುದ್ಧದಿಂದ ೩೭೩೫ ವರ್ಷಗಳೆಂದೂ, ಶಕವರ್ಷ ೫೫೬ ಎಂದೂ ಎರಡು ಲೆಕ್ಕಗಳಲ್ಲಿ ತಿಳಿಸಿದ್ದಾನೆ. ಒಂದು ಲೆಕ್ಕ ಬಲ್ಲವನಿಗೆ ಇನ್ನೊಂದು ತಿಳಿಯದಿದ್ದರೂ ಕಾಲ ತಪ್ಪಿಹೋಗಬಾರದೆಂಬ ಎಚ್ಚರ ಅದರಲ್ಲಿದೆ. ರೈಲಿನ ಟಿಕೀಟಿನ ಮುಂದೆ ನಿಂತಾಗ ನನಗೆ ಬೇಕಾಗಿದ್ದದ್ದು ಈ ಎಚ್ಚರವೇ.

ಇನ್ನು ಇಂಗ್ಲಿಷಿನ ಕಡೆಗೆ ಬರೋಣ. ಅಲ್ಲಿಯ ಮಾತುಗಳೂ ಬಾನಿನಿಂದ ಉದುರಿದವಲ್ಲ. ಅವಕ್ಕೂ ನಮ್ಮವುಗಳಂತೆಯೇ ಮನೆಮಾರುಗಳಿವೆ. 'ಕ್ಲಾಕ್' ಎಂಬ ಪದದ ಮೂಲಾರ್ಥ ಗಂಟೆ, ಎಂದರೆ ಬಾರಿಸುವ ಗಂಟೆ. ನಾವು ಹೊತ್ತಿನ ಅಳತೆಯನ್ನು ಗಂಟೆ ಎಂದು ಕರೆದದ್ದೂ ಅದೇ ಕಾರಣಕ್ಕೆ. ನಮ್ಮ ಭಾಗದ ತಾಸು ಎಂಬ ಮಾತಿಗೂ ಹೊಡೆದು ಸಪ್ಪಳ ಮಾಡುವ ಲೋಹದ ತಟ್ಟೆ ಎಂಬ ಅರ್ಥವಿದೆ. 'ಅವರ್' ಎಂಬ ಇಂಗ್ಲಿಷ್ ಮಾತು ಗ್ರೀಕರ 'ಹೋರಾ' ಎಂಬುದರಿಂದ ಬಂದಿತು. ನಮ್ಮ ಜೋಯಿಸರ ಹೋರಾಶಾಸ್ತ್ರದ ಹೋರಾ ಕೂಡ ಅದೇ ಗ್ರೀಕ್ ಮಾತು. 'ಮಿನಿಟ್' ಎಂದರೆ ಗಂಟೆಯ ಮೊದಲ ಚಿಕ್ಕ ಭಾಗ. ಅದನ್ನು ಎರಡನೆಯ ಸಲ ಒಡೆದಾಗ ದೊರೆತದ್ದು 'ಸೆಕೆಂಡ್', ಎಂದರೆ ಎರಡನೆಯದು. 'ಫೋರ್ಟ್‌ನೈಟ್' ಎಂದರೆ ಹದಿನಾಲ್ಕು ರಾತ್ರಿಗಳು. ಒಂದು ಮಳೆ ನಕ್ಷತ್ರದ ಅವಧಿಗೂ ನಮ್ಮ ಪಕ್ಷಕ್ಕೂ ಅದು ಎಷ್ಟು ಹತ್ತಿರ! ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬಲ್ಲಿ ಸಪ್ತ, ಅಷ್ಟ, ನವ, ದಶಗಳ ಸೋದರ ಪದಗಳು ಕುಳಿತಿವೆ. ರೋಮನರ ಹಳೆಯ ವರ್ಷ ಮಾರ್ಚಿನಲ್ಲಿ ಆರಂಭವಾಗುತ್ತಿದ್ದುದರಿಂದ ಏಳನೆಯ ತಿಂಗಳು ಎಂಬ ಹೆಸರಿನದು ಇಂದು ಒಂಬತ್ತನೆಯದಾಗಿದೆ. 'ಸ್ಯಾಟರ್‌ಡೇ' ಶನಿಯ ದಿನ, 'ಸಂಡೇ' ರವಿಯ ದಿನ, 'ಮಂಡೇ' ಚಂದ್ರನ ದಿನ. ಈ ನಂಟುಗಳನ್ನು ಒಮ್ಮೆ ತೋರಿಸಿದರೆ ಮಕ್ಕಳಿಗೆ ಇಂಗ್ಲಿಷ್ ಪದಗಳು ಪರಕೀಯವೆನಿಸುವುದಿಲ್ಲ.

ನಂಟನ್ನು ತೋರಿಸಿದಂತೆಯೇ ಭೇದವನ್ನೂ ತೋರಿಸಬೇಕು. ಎಡವುವುದು ಭೇದವಿರುವಲ್ಲಿ. ಹಿಂದಿನ ದಿನಕ್ಕೆ ನಮ್ಮಲ್ಲಿ ನಿನ್ನೆ, ಅದರಾಚೆಗೆ ಮೊನ್ನೆ. ಬರುವ ದಿನಕ್ಕೆ ನಾಳೆ, ಅದರಾಚೆಗೆ ನಾಡಿದ್ದು, ಇನ್ನೂ ಆಚೆಗೆ ಆಚೆನಾಡಿದ್ದು. ಇಂದಿನ ಇಂಗ್ಲಿಷಿನಲ್ಲಿ ಮೊನ್ನೆಗೂ ನಾಡಿದ್ದಿಗೂ ಬಳಕೆಯ ಒಂಟಿ ಪದಗಳಿಲ್ಲ. ಹಳೆಯ ಇಂಗ್ಲಿಷಿನಲ್ಲಿದ್ದವು ಬಳಕೆತಪ್ಪಿ ಹೋದವು. ಅವರು ನಾಡಿದ್ದಿಗೆ 'ದ ಡೇ ಆಫ್ಟರ್ ಟುಮಾರೊ' ಎಂದು ಸುತ್ತಿ ಹೇಳುತ್ತಾರೆ. ಹಿಂದಿಯವರಾದರೋ ನಿನ್ನೆಗೂ ನಾಳೆಗೂ 'ಕಲ್' ಎಂಬ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆ. ಯಾವುದೆಂಬುದನ್ನು ಕ್ರಿಯಾಪದ ಹೇಳುತ್ತದೆ. ಇದರಿಂದ ಯಾವ ಭಾಷೆಯೂ ಬಡವಾಗಲಿಲ್ಲ, ಯಾವ ಜನವೂ ದಡ್ಡರಾಗಲಿಲ್ಲ. ಒಂದು ಭಾಷೆಯಲ್ಲಿ ಒಂದು ಪದವಿದ್ದ ಕಡೆ ಇನ್ನೊಂದರಲ್ಲಿಯೂ ಒಂದು ಪದ ಇರಲೇಬೇಕೆಂಬ ನಮ್ಮ ನಿರೀಕ್ಷೆಯೇ ತಪ್ಪು.

ಗಡಿಯಾರ ಓದುವುದನ್ನೇ ತೆಗೆದುಕೊಳ್ಳಿರಿ. ಒಂಬತ್ತೂಮುಕ್ಕಾಲು ಎಂದು ನಾವು ಹೇಳುವಾಗ ಕಳೆದ ಒಂಬತ್ತನ್ನು ಹಿಡಿದು ಮೇಲಕ್ಕೆ ಎಣಿಸುತ್ತೇವೆ. ಇಂಗ್ಲಿಷಿನವನು 'ಕ್ವಾರ್ಟರ್ ಟು ಟೆನ್' ಎಂದು ಬರಲಿರುವ ಹತ್ತನ್ನು ನೋಡಿ ಕೆಳಕ್ಕೆ ಎಣಿಸುತ್ತಾನೆ. 'ಟೆನ್' ಎಂದರೆ ಹತ್ತು, 'ಕ್ವಾರ್ಟರ್' ಎಂದರೆ ಕಾಲು ಎಂದು ಪ್ರತ್ಯೇಕವಾಗಿ ಕಲಿತ ಹುಡುಗ ಅದನ್ನು ಹತ್ತೂಕಾಲು ಎಂದು ಓದಿದರೆ ಅರ್ಧ ಗಂಟೆ ಕೈತಪ್ಪಿ ಹೋಗುತ್ತದೆ. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅರ್ಧ ಗಂಟೆ ಸಣ್ಣದಲ್ಲ. ಇದನ್ನು ತಿಳಿಸಲು ನಾನು ಇಂಗ್ಲಿಷಿನ ಮೊರೆಹೋಗುತ್ತಿರಲಿಲ್ಲ. ನೆರೆಯ ಮರಾಠಿಯನ್ನು ಕರೆಯುತ್ತಿದ್ದೆ. ನಮ್ಮ ಸೀಮೆ ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಮರಾಠಿಯ ಎಣಿಕೆ ನಮ್ಮ ಹಿರಿಯರ ಕಿವಿಗೆ ಪರಿಚಿತ. ಮರಾಠಿಯಲ್ಲಿ ಒಂಬತ್ತೂಮುಕ್ಕಾಲಿಗೆ 'ಪಾವಣೆ ದಹಾ' ಎನ್ನುತ್ತಾರೆ; ಎಂದರೆ ಕಾಲು ಕಡಿಮೆ ಹತ್ತು. 'ಕ್ವಾರ್ಟರ್ ಟು ಟೆನ್' ಎಂಬುದರ ಪಡಿಯಚ್ಚು! ಲಂಡನ್ನಿನ ಮಾತು ಸೊಲ್ಲಾಪುರದ ಸಂತೆಯಲ್ಲಿ ದೊರೆತಾಗ ಮಕ್ಕಳ ಮುಖ ಅರಳುತ್ತಿತ್ತು.

ಇನ್ನೊಂದು ಎಡವುಗಲ್ಲು '-ಇಂದ' ಎಂಬ ನಮ್ಮ ಪ್ರತ್ಯಯ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ರಜೆಯ ಅರ್ಜಿಯಲ್ಲಿ, 'ಮೂರು ದಿನದಿಂದ ಜ್ವರ' ಎಂಬುದನ್ನು 'ಫ್ರಂ ತ್ರೀ ಡೇಸ್' ಎಂದು ಬರೆದಿದ್ದಳು. ತರಗತಿಯಲ್ಲಿ ಬುದ್ಧಿವಂತೆ ಎನಿಸಿಕೊಂಡವಳು. ನಾನು ಕೆಂಪು ಶಾಯಿಯಿಂದ ಗೀಟು ಹಾಕಿ 'ಫಾರ್' ಎಂದು ತಿದ್ದಿದೆ. ಮರುವಾರ ಆಕೆ 'ಸೋಮವಾರದಿಂದ' ಎಂಬುದಕ್ಕೆ 'ಫಾರ್ ಮಂಡೇ' ಎಂದು ಬರೆದು ತಂದಳು. ಅದಕ್ಕೂ ಗೀಟು ಹಾಕಿದೆ. ಆಗ ಅವಳು, "ಸರ್, ಹ್ವಾದ ವಾರ ನೀವ ಹಿಂಗ ಬರೀ ಅಂದಿದ್ರಿ" ಎಂದಳು. ಅವಳ ಕಣ್ಣು ತುಂಬಿತ್ತು. ತಪ್ಪು ಅವಳದಾಗಿರಲಿಲ್ಲ. ಮೂರು ದಿನ ಎಂಬುದು ಕಾಲದ ಉದ್ದ. ಸೋಮವಾರ ಎಂಬುದು ಆ ಉದ್ದ ಆರಂಭವಾದ ತುದಿ. ಕನ್ನಡ ಎರಡಕ್ಕೂ ಒಂದೇ ಪ್ರತ್ಯಯದಿಂದ ಕೆಲಸ ಸಾಗಿಸುತ್ತದೆ. ಇಂಗ್ಲಿಷ್ ಉದ್ದಕ್ಕೆ 'ಫಾರ್' ಎಂದೂ, ತುದಿಗೆ 'ಸಿನ್ಸ್' ಎಂದೂ ಬೇರೆ ಮಾಡುತ್ತದೆ. ಮಗ್ಗದ ಮನೆಯ ಮಗುವಿಗೆ ಇದನ್ನು ತಿಳಿಸುವುದು ಕಷ್ಟವೆ? "ಸೀರೆಯ ಅಳತೆ ಎಷ್ಟು ಎಂದು ಕೇಳುವುದು ಬೇರೆ, ಎಲ್ಲಿಂದ ನೇಯಲು ಹಿಡಿದಿರಿ ಎಂದು ಕೇಳುವುದು ಬೇರೆ" ಎಂದೆ. ಮತ್ತೆ ಆಕೆ ತಪ್ಪಲಿಲ್ಲ. ಕೆಂಪು ಗೀಟು ಕಲಿಸಲಾರದ್ದನ್ನು ಅವಳ ಮನೆಯ ಮಗ್ಗ ಕಲಿಸಿತು.

'ಎರಡು ದಿನದ ಹಿಂದೆ' ಎಂಬುದಕ್ಕೆ 'ಟೂ ಡೇಸ್ ಅಗೊ' ಎನ್ನಬೇಕು. ಇಲ್ಲಿ ಇಂಗ್ಲಿಷು ತನ್ನ ರೂಢಿಯನ್ನು ಬಿಟ್ಟು ನಮ್ಮಂತೆಯೇ ದಿನವನ್ನು ಮೊದಲು ಹೇಳಿ, ಹಿಂದೆ ಎಂಬುದನ್ನು ಆಮೇಲೆ ಹೇಳುತ್ತದೆ. ಇಷ್ಟು ಅನುಕೂಲವಿದ್ದರೂ ಮಕ್ಕಳು 'ಬಿಫೋರ್ ಟೂ ಡೇಸ್' ಎಂದು ಬರೆಯುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿ ಎಲ್ಲವೂ ತಿರುಗುಮುರುಗಾಗಿರಬೇಕೆಂಬ ಹೆದರಿಕೆ ಅವರನ್ನು ಹಾಗೆ ಬರೆಯಿಸುತ್ತದೆ. 'ಅಟ್', 'ಆನ್', 'ಇನ್' ಎಂಬ ಮೂವರು ಅಣ್ಣತಮ್ಮಂದಿರ ವಿಚಾರವೂ ಹಾಗೆಯೇ. ಗಂಟೆಗೆ 'ಅಟ್', ದಿನಕ್ಕೆ 'ಆನ್', ತಿಂಗಳಿಗೂ ವರ್ಷಕ್ಕೂ 'ಇನ್'. ಚುಕ್ಕೆಯಂಥ ಕ್ಷಣಕ್ಕೆ ಒಂದು, ಹಾಳೆಯಂಥ ದಿನಕ್ಕೆ ಒಂದು, ಕಣಜದಂಥ ವರ್ಷಕ್ಕೆ ಒಂದು ಎಂದು ಚಿತ್ರ ಬರೆದು ತೋರಿಸಿದರೆ ಹತ್ತು ನಿಮಿಷದ ಪಾಠ. ಬಾಯಿಪಾಠ ಮಾಡಿಸಿದರೆ ಹತ್ತು ವರ್ಷದ ಗೊಂದಲ.

ಇದೆಲ್ಲ ವ್ಯಾಕರಣದ ಸೂಕ್ಷ್ಮವೆಂದು ಯಾರೂ ಉಪೇಕ್ಷಿಸಬಾರದು. ಅರ್ಜಿ ಸಲ್ಲಿಸಲು 'ಆನ್ ಆರ್ ಬಿಫೋರ್' ೩೦ ಎಂದಿದ್ದರೆ ಮೂವತ್ತನೆಯ ತಾರೀಖೂ ಸಲ್ಲುತ್ತದೆ. ಬರಿಯ 'ಬಿಫೋರ್' ೩೦ ಎಂದಿದ್ದರೆ ಇಪ್ಪತ್ತೊಂಬತ್ತಕ್ಕೇ ಬಾಗಿಲು ಮುಚ್ಚುತ್ತದೆ. ಐದನೆಯ ತಿಂಗಳ ಆರನೆಯ ದಿನವನ್ನು ನಾವು ೬-೫ ಎಂದು ಬರೆದರೆ ಅಮೆರಿಕದವರು ೫-೬ ಎಂದು ಬರೆಯುತ್ತಾರೆ. ಔಷಧದ ಚೀಟಿಯಲ್ಲಿ ವೈದ್ಯರು ಬರೆಯುವ ಬಿ.ಡಿ., ಟಿ.ಡಿ.ಎಸ್. ಎಂಬ ಅಕ್ಷರಗಳು ಲ್ಯಾಟಿನ್ ಭಾಷೆಯವು; ದಿನಕ್ಕೆ ಎರಡು ಸಲ, ದಿನಕ್ಕೆ ಮೂರು ಸಲ ಎಂದು ಅವುಗಳ ಅರ್ಥ. ಆದರೆ ಎಂಟು ಗಂಟೆಗೊಮ್ಮೆ ಎಂದು ಬರೆದಿದ್ದರೆ ಅದು ಬೇರೆ ಮಾತು. ದಿನಕ್ಕೆ ಮೂರು ಸಲವೆಂದು ತಿಳಿದು ತಾಯಿಯೊಬ್ಬಳು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಗುವಿಗೆ ಔಷಧ ಕುಡಿಸಿ, ರಾತ್ರಿಯಿಡೀ ಬಿಟ್ಟುಬಿಟ್ಟರೆ ವೈದ್ಯನು ಎಣಿಸಿದ ಅಂತರ ಕೆಡುತ್ತದೆ. ಕಾಲದ ಮಾತನ್ನು ತಪ್ಪಾಗಿ ತಿಳಿದವರು ತೆರುವ ದಂಡ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ, ಬದುಕಿನಲ್ಲಿ ಕಾಣಿಸುತ್ತದೆ.

ಈ ವಿಷಯದಲ್ಲಿ ಎರಡು ಬಗೆಯ ಹಿರಿಯರನ್ನು ನಾನು ಕಂಡಿದ್ದೇನೆ. ಮಕ್ಕಳಿಗೆ ಮೊದಲಿನಿಂದಲೇ ಇಂಗ್ಲಿಷ್ ಪದಗಳು ಅಭ್ಯಾಸವಾಗಲಿ, ಮನೆಯಲ್ಲಿಯೂ ನಸುಕು, ನಾಡಿದ್ದು ಎನ್ನುವುದು ಬೇಡ ಎಂಬುದು ಒಂದು ಪಕ್ಷ. ಇವರ ಮನೆಯ ಮಗು ತಿಂಗಳುಗಳ ಹೆಸರನ್ನು ಇಂಗ್ಲಿಷಿನಲ್ಲಿ ಗಿಳಿಯಂತೆ ಒಪ್ಪಿಸುತ್ತದೆ; ಅಜ್ಜ, "ನಾಡಿದ್ದ ಜಾತ್ರಿಗೆ ಹೋಗೂಣು" ಎಂದರೆ ಅವ್ವನ ಮುಖ ನೋಡುತ್ತದೆ. ಬರಬರುತ್ತ ಅಜ್ಜ ಮಾತನ್ನೇ ಕಡಿಮೆ ಮಾಡುತ್ತಾನೆ. ಒಂದೇ ಪದದಿಂದ ಹೇಳಬಹುದಾದುದನ್ನು ನಾಲ್ಕು ಪದಗಳಿಂದ ಹೇಳುವುದು ಯಾವ ಲಾಭದ ವ್ಯಾಪಾರ? ಇನ್ನೊಂದು ಪಕ್ಷದವರು, ನಮ್ಮ ಪಂಚಾಂಗ ನಮಗೆ ಸಾಕು, ಪರಭಾಷೆಯ ಗೊಡವೆ ಬೇಡ ಎನ್ನುತ್ತಾರೆ. ಇವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ರೈಲುಗಾಡಿ ಪಂಚಾಂಗ ನೋಡಿ ಹೊರಡುವುದಿಲ್ಲ. ಆ ರಾತ್ರಿ ನಿಲ್ದಾಣದಲ್ಲಿ ನನಗೆ ಪೆಟ್ಟು ಕೊಟ್ಟದ್ದು ಇಂಥ ಅರೆತಿಳಿವೇ. ಪರರ ಲೆಕ್ಕವನ್ನು ಅರಿಯದವನು ತನ್ನ ಮಕ್ಕಳನ್ನು ಮನೆಯ ಹೊಸ್ತಿಲಿನಲ್ಲೇ ಕಟ್ಟಿಹಾಕುತ್ತಾನೆ.

ಬಾಗಲಕೋಟೆಯ ಹಳೆಯ ಊರಿನ ಹಲವು ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಆಹುತಿಯಾದವು. ಜನ ನವನಗರಕ್ಕೆ ಹೋಗಿ ಹೊಸ ಮನೆ ಕಟ್ಟಿಕೊಂಡರು. ಹೊಸ ಮನೆಗೆ ಹೋದವರು ಹಳೆಯ ಮನೆಯ ಬಾಗಿಲು, ಕಂಬ, ಬೀಸುವ ಕಲ್ಲುಗಳಲ್ಲಿ ಸಾಗಿಸಲು ಬಂದಷ್ಟನ್ನು ಸಾಗಿಸಿದರು. ಹೊಸ ಭಾಷೆಗೆ ಹೋಗುವ ಮಗುವೂ ಹಾಗೆಯೇ ತನ್ನ ಮನೆಯ ಮಾತುಗಳನ್ನು ಕೈಯಲ್ಲಿ ಹಿಡಿದು ಹೋಗಬೇಕು. ಬರಿಗೈಯಲ್ಲಿ ಹೋದವನಿಗೆ ಅಲ್ಲಿ ನೆಲೆ ದೊರೆಯುವುದು ತಡವಾಗುತ್ತದೆ. ಮುಂಜಾನೆ, ಎಳೆಬಿಸಿಲು, ಇಳಿಹೊತ್ತು ಇವುಗಳ ಭೇದವನ್ನು ತನ್ನ ಕಣ್ಣಿನಿಂದ ಕಂಡ ಮಗುವಿಗೆ 'ಡಾನ್', 'ಮಾರ್ನಿಂಗ್', 'ಆಫ್ಟರ್‌ನೂನ್', 'ಡಸ್ಕ್' ಎಂಬವುಗಳನ್ನು ಕಲಿಸುವುದು ಸುಲಭ. ಏನನ್ನೂ ಕಾಣದೆ ಪಟ್ಟಿಯನ್ನು ಉರುಹೊಡೆದ ಮಗುವಿಗೆ ಅವು ಬರಿಯ ಸಪ್ಪಳಗಳು.

ಆದುದರಿಂದ ವಿದ್ಯಾರ್ಥಿಗಳೇ, ನಿಮಗೆ ನನ್ನದೊಂದು ಸಲಹೆ. ಒಂದು ವಹಿಯಲ್ಲಿ ಎರಡು ಸಾಲು ಮಾಡಿರಿ. ಎಡಗಡೆಯ ಸಾಲಿನಲ್ಲಿ ನಿಮ್ಮ ಅಜ್ಜ, ಅಜ್ಜಿ, ಅಪ್ಪ, ಅವ್ವ ಹೊತ್ತನ್ನು ಕುರಿತು ಆಡುವ ಮಾತುಗಳನ್ನು ಕೇಳಿ ಬರೆಯಿರಿ. ಬಲಗಡೆ ಅವುಗಳ ಇಂಗ್ಲಿಷ್ ಮಾತನ್ನು ಬರೆಯಿರಿ. ಸರಿಹೊಂದುವ ಮಾತು ದೊರೆಯದಿದ್ದರೆ ಆ ಸ್ಥಳವನ್ನು ಖಾಲಿ ಬಿಡಿರಿ, ನಾಚಿಕೊಳ್ಳಬೇಡಿರಿ. ಬಲಗಡೆ ಮಾತಿದ್ದು ಎಡಗಡೆ ಇಲ್ಲದ ಸ್ಥಳಗಳೂ ಬರುತ್ತವೆ. ಆ ಖಾಲಿ ಸ್ಥಳಗಳನ್ನು ಕುರಿತು ಗುರುಗಳೊಡನೆ ಚರ್ಚಿಸಿರಿ. ಎರಡು ಭಾಷೆಗಳು ಎಲ್ಲಿ ಕೈಕೂಡಿಸುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಅಲ್ಲಿಯೇ ತಿಳಿಯುವುದು. ಬಸ್ ನಿಲ್ದಾಣದ ವೇಳಾಪಟ್ಟಿ, ರೈಲಿನ ಟಿಕೀಟು, ಔಷಧದ ಪೆಟ್ಟಿಗೆ, ನೌಕರಿಯ ಜಾಹೀರಾತು ಇವುಗಳನ್ನೂ ಪಠ್ಯದಂತೆ ಓದಿ ಅಭ್ಯಾಸಮಾಡಿರಿ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಅವುಗಳನ್ನು ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾನೆ. ಒಂದು ಕೊಂಡಿ ತಪ್ಪಿದರೂ ಸೆರಗು ಸರಿಯಾಗಿ ಕೂಡುವುದಿಲ್ಲ. ಎರಡು ಭಾಷೆಗಳನ್ನು ಕಲಿಯುವ ಕೆಲಸವೂ ಅಂಥದೇ.

ಕೊನೆಗೊಂದು ಮಾತು. ೧೯೦೬ರ ಜನವರಿ ೧ರಿಂದ ಭಾರತದಲ್ಲಿ ಪ್ರಮಾಣ ಕಾಲ ಜಾರಿಗೆ ಬಂದಿತು. ಅದು ೮೨.೫ ಡಿಗ್ರಿ ಪೂರ್ವ ರೇಖಾ೦ಶದ ಸೂರ್ಯನ ಲೆಕ್ಕ. ಬಾಗಲಕೋಟೆ ಆ ರೇಖೆಯಿಂದ ಬಹಳ ಪಶ್ಚಿಮಕ್ಕಿದೆ. ಆದುದರಿಂದ ನಮ್ಮ ಗಡಿಯಾರ ಹನ್ನೆರಡು ಬಾರಿಸಿದಾಗ ಇಲ್ಲಿಯ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಸರಾಸರಿ ಸುಮಾರು ಇಪ್ಪತ್ತೇಳು ನಿಮಿಷ ತಡೆದು ಬರುತ್ತಾನೆ. ಗಡಿಯಾರವೂ ಸುಳ್ಳಲ್ಲ, ಸೂರ್ಯನೂ ಸುಳ್ಳಲ್ಲ. ಕಚೇರಿಗೆ ಹೋಗುವವನು ಗಡಿಯಾರವನ್ನು ನೋಡಬೇಕು. ಹೊಲಕ್ಕೆ ಹೋಗುವವನು ಸೂರ್ಯನನ್ನು ನೋಡಬೇಕು. ಎರಡೂ ಕಡೆ ನಡೆಯಬೇಕಾದವನು ಎರಡನ್ನೂ ಅರಿತಿರಬೇಕು.

ನನ್ನ ತಮ್ಮನ ಮಗ ಈಗ ಸ್ವಂತ ಉದ್ಯೋಗ ಮಾಡಿಕೊಂಡು ಸುಖವಾಗಿದ್ದಾನೆ. ನಡುರಾತ್ರಿಯ ಗಾಡಿಗೆ ಮನೆಯವರಾರಾದರೂ ಹೊರಟರೆ ಟಿಕೀಟನ್ನು ಮೊದಲು ನನ್ನ ಕೈಗೇ ಕೊಡುತ್ತಾನೆ. "ಒಮ್ಮೆ ನೋಡ್ರಿ ದೊಡ್ಡಪ್ಪ" ಎನ್ನುತ್ತಾನೆ. ಅದು ಹಾಸ್ಯವೋ ವಿಶ್ವಾಸವೋ ನನಗೆ ಈ ವರೆಗೂ ತಿಳಿದಿಲ್ಲ. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೇನೆ. ಅನಂತರ ಟಿಕೀಟಿನ ಅಂಚಿನಲ್ಲಿ ಸೀಸದಕಡ್ಡಿಯಿಂದ, 'ಹದಿನಾಲ್ಕರ ಊಟ ಮುಗಿಸಿ ಹೊರಡುವುದು' ಎಂದು ನಮ್ಮ ಲೆಕ್ಕದಲ್ಲಿ ಬರೆದು ಕೊಡುತ್ತೇನೆ.